ಸೋರ್ಸ್ ಸರಿಯಾದ ಜಾಗದಲ್ಲೇ ಇದೆಯಾ? ಪ್ರಾಸ್ಟೇಟ್ ಬ್ರಾಕಿಯಲ್ಲಿ ನೋಡೋದು ಹೇಗೆ

ಬ್ರಾಕಿ, ಅಂದರೆ ಬ್ರಾಕಿಥೆರಪಿ, ರೇಡಿಯೇಷನ್ ಸೂಸುವ ಪುಟ್ಟ ಸೋರ್ಸನ್ನು ದೇಹದ ಒಳಗೇ ಇಟ್ಟು ಕ್ಯಾನ್ಸರ್‌ಗೆ ಕೊಡುವ ಚಿಕಿತ್ಸೆ. ಆ ರೂಮಿಗೆ ಹೊಸದಾಗಿ ಬರುವವರ ಕೈಗೆ ನಾನು ಮೊದಲು ಕೊಡುವುದು ಒಂದು ಸ್ಟೀಲ್ ಸ್ಕೇಲು. ಪಕ್ಕದಲ್ಲೇ ಅಷ್ಟು ದುಬಾರಿ ಮೆಷಿನ್ ನಿಂತಿದೆ, ಸ್ಕೇಲ್ ಯಾಕೆ ಸಾರ್ ಅಂತ ನಗುತ್ತಾರೆ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಒಳಗೆ ಬೆಳಿಗ್ಗೆ ಚುಚ್ಚಿದ ಸೂಜಿ ಸಂಜೆಯೂ ಅಲ್ಲೇ ಇದೆಯಾ ಅನ್ನುವ ಪ್ರಶ್ನೆಗೆ ಮೊದಲ ಉತ್ತರ ಆ ಸ್ಕೇಲಿನಿಂದ ಬರುತ್ತದೆ. ಮೊದಲ ಉತ್ತರ ಅಷ್ಟೇ, ಕೊನೆಯದಲ್ಲ. ಅದು ನನಗೂ ತಡವಾಗಿ ಗೊತ್ತಾಯಿತು, ಆ ಕತೆ ಮುಂದೆ ಬರುತ್ತದೆ.

ನಾನು ಮೆಡಿಕಲ್ ಫಿಸಿಸಿಸ್ಟ್. ಸೂಜಿ ಚುಚ್ಚುವುದು ಡಾಕ್ಟರ ಕೆಲಸ. ಚುಚ್ಚಿದ್ದು ಎಲ್ಲಿ ಹೋಗಿ ನಿಂತಿದೆ, ಅದರೊಳಗೆ ಸೋರ್ಸ್ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ನೋಡುವುದು ನನ್ನ ಕೆಲಸ. ಈ ವಿಭಾಗಕ್ಕೆ ಹೊಸದಾಗಿ ಬಂದ ಟೆಕ್ನಾಲಜಿಸ್ಟ್, ನರ್ಸ್‌ಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಪ್ಪನಿಗೋ ಮಾವನಿಗೋ ಈ ಚಿಕಿತ್ಸೆ ಹೇಳಿದ್ದಾರೆ, ಒಳಗೆ ಏನು ನಡೆಯುತ್ತೆ ಅಂತ ತಿಳಿಯಬೇಕು ಅನ್ನುವವರೂ ಓದಬಹುದು. ಕೈ ಹಾಕುವಾಗ ಮಾತ್ರ ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಏನು ಹೇಳುತ್ತೋ ಅದೇ ನಡೆಯಬೇಕು.

ಮಿಲಿಮೀಟರಿಗೆ ಯಾಕೆ ಇಷ್ಟು ಗಲಾಟೆ

ಒಲೆ ಹತ್ತಿರ ಕೂತರೆ ಮುಖ ಸುಡುತ್ತೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೆಚ್ಚಗಿರುತ್ತೆ. ಸಣ್ಣ ರೇಡಿಯೇಷನ್ ಸೋರ್ಸೂ ಹಾಗೇ. ದೂರ ಎರಡರಷ್ಟಾದರೆ ಡೋಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಬ್ರಾಕಿ ನಿಂತಿರುವುದೇ ಇದರ ಮೇಲೆ: ಗೆಡ್ಡೆ ಒಳಗೇ ಸೋರ್ಸ್ ಇಟ್ಟರೆ ಗೆಡ್ಡೆಗೆ ಜಾಸ್ತಿ, ಸುತ್ತಲಿನದಕ್ಕೆ ಕಡಿಮೆ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಒಂದು ಜಾಗದಿಂದ 10 ಮಿ.ಮೀ. ದೂರ ಇರಬೇಕಾದ ಸೋರ್ಸ್ 8 ಮಿ.ಮೀ.ಗೆ ಬಂದು ಕೂತರೆ ಆ ಜಾಗಕ್ಕೆ ಬೀಳುವುದು ಒಂದೂವರೆ ಪಟ್ಟಿಗಿಂತ ಜಾಸ್ತಿ. ಎರಡೇ ಮಿ.ಮೀ.! ಪ್ರಾಸ್ಟೇಟ್ ಇರುವುದೂ ಎಂಥ ಇಕ್ಕಟ್ಟಿನ ಜಾಗದಲ್ಲಿ ನೋಡಿ. ದೊಡ್ಡ ನೆಲ್ಲಿಕಾಯಿಯಷ್ಟು ಗ್ರಂಥಿ, ತಲೆ ಮೇಲೆ ಮೂತ್ರಕೋಶ, ಬೆನ್ನಿಗೆ ಅಂಟಿಕೊಂಡು ಗುದನಾಳ, ಮಧ್ಯದಲ್ಲೇ ಹಾದು ಹೋಗುವ ಮೂತ್ರನಾಳ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಅಯೋಡಿನ್-125 ತುಂಬಿದ ಪುಟ್ಟ ಟೈಟಾನಿಯಂ ಬೀಜಗಳನ್ನು ಒಳಗೆ ಬಿತ್ತಿ ಅಲ್ಲೇ ಬಿಡುತ್ತಾರೆ. ನಮ್ಮಲ್ಲಿ ಇವನ್ನು ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರವೂ ತಯಾರಿಸಿದೆ. ಇನ್ನೊಂದರಲ್ಲಿ ಟೊಳ್ಳು ಸೂಜಿಗಳನ್ನು ಚುಚ್ಚಿ, ಅವುಗಳ ಒಳಗೆ ಇರಿಡಿಯಂ-192ರ ಒಂದೇ ಒಂದು ಸೋರ್ಸನ್ನು ಮೆಷಿನ್ ಮೂಲಕ ಕಳಿಸಿ, ಕೆಲವು ನಿಮಿಷಗಳಲ್ಲಿ ವಾಪಸ್ ಎಳೆದುಕೊಳ್ಳುತ್ತಾರೆ. ಇದಕ್ಕೆ ಎಚ್‌ಡಿಆರ್ (ಹೈ ಡೋಸ್ ರೇಟ್) ಅಂತಾರೆ. ನಮ್ಮ ಕಡೆ ಎಚ್‌ಡಿಆರ್ ಮೆಷಿನ್‌ಗಳೇ ಜಾಸ್ತಿ ಕಾಣುವುದು, ಯಾಕೆಂದರೆ ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೆ ದಿನಾ ಬಳಸುವ ಮೆಷಿನ್ನೇ ಇದಕ್ಕೂ ಆಗುತ್ತದೆ. ಹಾಗಾಗಿ ಎಚ್‌ಡಿಆರ್ ಬಗ್ಗೆ ಜಾಸ್ತಿ ಹೇಳಿ, ಬೀಜದ ಕತೆಗೆ ಕೊನೆಯಲ್ಲಿ ಬರುತ್ತೇನೆ.

ರೋಗಿ ಬರುವುದಕ್ಕೆ ಮುಂಚೆ

ಮೊದಲು ಮೆಷಿನ್. ಸೋರ್ಸನ್ನು ಇಂಥ ಜಾಗಕ್ಕೆ ಹೋಗು ಅಂದರೆ ಅಲ್ಲಿಗೇ ಹೋಗುತ್ತಾ? ಮೆಷಿನ್ ಜೊತೆ ಬರುವ ಚೆಕ್ ರೂಲರ್ ಮೇಲೆ ಸೋರ್ಸ್ ಕಳಿಸಿ, ರೂಮಿನ ಕ್ಯಾಮೆರಾದಲ್ಲಿ ಹೊರಗಿಂದ ಓದಿ. ಒಂದು ಮಿ.ಮೀ. ಒಳಗೆ ಇರಬೇಕು. ರೇಡಿಯೇಷನ್ ಬಿದ್ದರೆ ಕಪ್ಪಾಗುವ ಫಿಲ್ಮ್ ಇದ್ದರೆ ಇನ್ನೂ ಒಳ್ಳೆಯದು: ಸೂಜಿಯನ್ನು ಫಿಲ್ಮ್ ಮೇಲೆ ಅಂಟಿಸಿ, ತುದಿಗೆ ಪೆನ್ನಿನಲ್ಲಿ ಗುರುತು ಹಾಕಿ, ಸೋರ್ಸ್ ಕಳಿಸಿ. ಅದು ನಿಂತಲ್ಲೆಲ್ಲ ಕಪ್ಪು ಚುಕ್ಕೆ ಬೀಳುತ್ತದೆ. ಗುರುತಿನಿಂದ ಮೊದಲ ಚುಕ್ಕೆಗೆ ಎಷ್ಟು ದೂರ ಅಂತ ಅಳೆದು ಬರೆದಿಡಿ. ಈ ನಂಬರ್ ಬಹಳ ಮುಖ್ಯ, ಮತ್ತೆ ಬೇಕಾಗುತ್ತದೆ.

ಸೋರ್ಸ್ ಬಲ ದಿನಕ್ಕೆ ಹತ್ತಿರ ಹತ್ತಿರ ಒಂದು ಪರ್ಸೆಂಟ್ ಕಮ್ಮಿಯಾಗುತ್ತಾ ಹೋಗುತ್ತದೆ. ಇರಿಡಿಯಂ-192ರ ಅರ್ಧಾಯುಷ್ಯ ಸುಮಾರು 74 ದಿನ. ಸೋರ್ಸ್ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವ ಪ್ಲಾನ್ ಮಾಡುವ ಪ್ಲಾನಿಂಗ್ ಕಂಪ್ಯೂಟರ್ ತೋರಿಸುವ ಬಲವೂ ಮೆಷಿನ್ ತೋರಿಸುವ ಬಲವೂ ಇವತ್ತಿನ ತಾರೀಖಿಗೆ ಒಂದೇ ಇವೆಯಾ ಅಂತ ಒಮ್ಮೆ ನೋಡಿ, ಅರ್ಧ ನಿಮಿಷದ ಕೆಲಸ.

ಆಮೇಲೆ ಅಲ್ಟ್ರಾಸೌಂಡ್ ಮತ್ತು ಟೆಂಪ್ಲೇಟ್. ಟೆಂಪ್ಲೇಟ್ ಅಂದರೆ ಚುಕ್ಕಿ ರಂಗೋಲಿಯ ಚುಕ್ಕಿಗಳ ಹಾಗೆ 5 ಮಿ.ಮೀ.ಗೊಂದು ತೂತು ಇರುವ, ಸೂಜಿಗಳನ್ನು ತೂರಿಸುವ ಹಲಗೆ. ಅದೇ ಚುಕ್ಕಿಗಳು ಅಲ್ಟ್ರಾಸೌಂಡ್ ಪರದೆ ಮೇಲೂ ಮೂಡುತ್ತವೆ. ಎರಡೂ ಒಂದಕ್ಕೊಂದು ಕೂಡಿ ಬರುತ್ತಿವೆಯಾ ಅಂತ ನೋಡಲು ಪ್ರೋಬನ್ನು (ಅಲ್ಟ್ರಾಸೌಂಡಿನ, ದೇಹದೊಳಗೆ ಇಡುವ ಕೋಲು) ನೀರಿನ ತೊಟ್ಟಿಯಲ್ಲಿಟ್ಟು, ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು ಸೂಜಿ ತೂರಿಸಿ ನೋಡುತ್ತೇವೆ. ಇಲ್ಲೊಂದು ಮೋಸ ಇದೆ. ಶಬ್ದ ಸೆಕೆಂಡಿಗೆ 1540 ಮೀಟರ್ ಓಡುತ್ತೆ ಅಂತ ಅಲ್ಟ್ರಾಸೌಂಡ್ ಮೆಷಿನ್ ಲೆಕ್ಕ ಹಾಕಿರುತ್ತದೆ, ದೇಹದ ಒಳಗೆ ಅದು ಸರಿ. ತಣ್ಣೀರಿನಲ್ಲಿ ಅದು ಸುಮಾರು 1480 ಅಷ್ಟೇ. ಹಾಗಾಗಿ ತಣ್ಣೀರಿನಲ್ಲಿ ಅಳೆದರೆ 5 ಸೆಂ.ಮೀ.ಗೆ 2 ಮಿ.ಮೀ. ಹೆಚ್ಚು ತೋರಿಸುತ್ತದೆ, ಹೊಸಬರು ಟೆಂಪ್ಲೇಟ್ ಹಾಳಾಗಿದೆ ಅಂತ ಗಾಬರಿ ಬೀಳುತ್ತಾರೆ. ನೀರು ಬಿಸಿ ಮಾಡಿ, ಇಲ್ಲಾ ತಕ್ಕಷ್ಟು ಉಪ್ಪು ಬೆರೆಸಿ. ಇದನ್ನು ಪ್ರತಿ ರೋಗಿಗೂ ಮಾಡಬೇಕಿಲ್ಲ, ಪಟ್ಟಿ ಪ್ರಕಾರ ಆಗಾಗ ಮಾಡಿದರೆ ಸಾಕು. ಪ್ರೋಬ್ ಕೈಜಾರಿ ಬಿದ್ದಿದ್ದರೆ ಮಾತ್ರ ಆವತ್ತೇ ಮಾಡಿ. ಬೀಳಿಸಿದವರು ಬಾಯಿ ಬಿಡಬೇಕು, ಅದೇ ಕಷ್ಟ.

ಓಟಿಯಲ್ಲಿ

ರೋಗಿಗೆ ಅರಿವಳಿಕೆ ಕೊಟ್ಟು, ಕಾಲೆರಡನ್ನೂ ಎತ್ತಿ ಕಟ್ಟಿ, ಗುದನಾಳದೊಳಗೆ ಪ್ರೋಬ್ ಇಟ್ಟ ಮೇಲೆ ಮೊದಲು ಮೂತ್ರನಾಳ ಕಾಣಬೇಕು. ಬರೀ ಕ್ಯಾತಿಟರ್ ಹಾಕಿದರೆ ಅದು ಅಷ್ಟು ಚೆನ್ನಾಗಿ ಕಾಣಲ್ಲ. ಎರಡು ಸಿರಿಂಜ್ ಜೋಡಿಸಿ, ಒಂದರಲ್ಲಿ ಜೆಲ್ಲಿ, ಇನ್ನೊಂದರಲ್ಲಿ ಗಾಳಿ. ಹಿಂದೆ ಮುಂದೆ ತಳ್ಳುತ್ತಾ ಹೋದರೆ ಜೆಲ್ಲಿ ನೊರೆ ನೊರೆಯಾಗುತ್ತದೆ. ಆ ನೊರೆ ಜೆಲ್ಲಿಯನ್ನು ಮೂತ್ರನಾಳಕ್ಕೆ ಬಿಟ್ಟರೆ ಪರದೆ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಜಾಸ್ತಿ ಬಿಡಬೇಡಿ, ಅದರ ಹಿಂದಿರುವುದೆಲ್ಲ ನೆರಳಿನಲ್ಲಿ ಮುಚ್ಚಿಹೋಗುತ್ತದೆ.

ಸೂಜಿ ಹಾಕುವಾಗ ಮುಂದಿನ ಸಾಲು, ಅಂದರೆ ಹೊಟ್ಟೆ ಕಡೆಯದು, ಮೊದಲು. ಗುದನಾಳದ ಕಡೆಯದು ಕೊನೆಗೆ. ಯಾಕೆ ಅಂದರೆ ಅಲ್ಟ್ರಾಸೌಂಡ್ ನೋಡುತ್ತಿರುವುದು ಗುದನಾಳದ ಕಡೆಯಿಂದ. ಹತ್ತಿರದ ಸೂಜಿ ಮೊದಲು ಹಾಕಿದರೆ ಅದರ ನೆರಳಲ್ಲಿ ದೂರದ್ದು ಕಾಣಲ್ಲ. ಸೂಜಿ ಯಾವ ತೂತಿನಿಂದ ಹೋಯಿತು ಅನ್ನುವುದನ್ನು ನಂಬಿ ಕೂರಬೇಡಿ. ಟೆಂಪ್ಲೇಟ್ ದಾಟಿ ಅಷ್ಟು ಉದ್ದ ಹೋಗುವಾಗ ಸೂಜಿ ಬಾಗುತ್ತದೆ, ಗ್ರಂಥಿಯೂ ಜಾರುತ್ತದೆ. ಪರದೆ ಮೇಲೆ ಬಿಳಿ ಚುಕ್ಕೆ ಎಲ್ಲಿ ಬಿತ್ತೋ ಸೂಜಿ ಇರುವುದು ಅಲ್ಲಿ. ಪ್ಲಾನ್‌ನಲ್ಲಿ ಗುರುತು ಹಾಕಬೇಕಾದದ್ದೂ ಅದನ್ನೇ.

ಎಷ್ಟು ಆಳ? ಅಡ್ಡ ಕೊಯ್ದ ಚಿತ್ರದಲ್ಲಿ ಆಳ ಗೊತ್ತಾಗಲ್ಲ, ಪ್ರೋಬನ್ನು ಉದ್ದದ ನೋಟಕ್ಕೆ ಬದಲಾಯಿಸಿ. ಸೂಜಿ ಮೂತ್ರಕೋಶದ ಬುಡದ ಕಡೆಗೆ ಸಾಗುವುದು ಗೆರೆ ಎಳೆದ ಹಾಗೆ ಕಾಣುತ್ತದೆ. ಎಲ್ಲ ಸೂಜಿ ಆದ ಮೇಲೆ ಸಿಸ್ಟೋಸ್ಕೋಪ್ (ಮೂತ್ರನಾಳದ ಮೂಲಕ ಒಳಗೆ ನೋಡುವ ನಳಿಕೆ) ಹಾಕಿ ಮೂತ್ರಕೋಶದ ಒಳಗಿಂದ ಒಮ್ಮೆ ನೋಡುವುದು ಒಳ್ಳೆಯ ಅಭ್ಯಾಸ. ಸೂಜಿ ತುದಿ ಒಳಪೊರೆಯನ್ನು ಡೇರೆ ಕಂಬದ ಹಾಗೆ ಸ್ವಲ್ಪ ಎತ್ತಿದ್ದರೆ ಪರವಾಗಿಲ್ಲ, ತೂತು ಮಾಡಿ ಹೊರಗೆ ಬಂದಿದ್ದರೆ ಹಿಂದೆ ಎಳೆಯಬೇಕು. ಮೂತ್ರನಾಳವನ್ನು ಚುಚ್ಚಿಕೊಂಡು ಹೋಗಿದೆಯಾ ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ಗ್ರಂಥಿಯ ಬುಡದಲ್ಲಿ (ಮೂತ್ರಕೋಶದ ಕಡೆಯ ಮೇಲಿನ ಅಂಚು), ತುದಿಯಲ್ಲಿ (ಕಾಲಿನ ಕಡೆಯ ಕೆಳ ಅಂಚು) ಒಂದೊಂದು ಚಿನ್ನದ ಮಾರ್ಕರ್ ಹಾಕುವ ಪದ್ಧತಿ ಇದ್ದರೆ ಹಾಕಿಸಿಕೊಳ್ಳಿ. ಸಂಜೆ ಅವೇ ಸಾಕ್ಷಿ ಹೇಳುವುದು.

ತುದಿ ಹುಡುಕುವುದು

ಇಡೀ ಕೆಲಸದಲ್ಲಿ ಜಾಸ್ತಿ ತಪ್ಪಾಗುವುದು ಸೂಜಿಯ ತುದಿ ಎಲ್ಲಿದೆ ಅಂತ ಗುರುತು ಹಾಕುವಾಗ. ಅಲ್ಟ್ರಾಸೌಂಡ್‌ನಲ್ಲಿ ತುದಿ ಬೆಳ್ಳಗೆ ಹರಡಿಕೊಂಡಿರುತ್ತದೆ, ಸಿ.ಟಿ.ಯಲ್ಲಿ ಎರಡು ಸ್ಲೈಸ್ ಮಧ್ಯೆ ಅಡಗಿ ಕೂರುತ್ತದೆ. 3 ಮಿ.ಮೀ. ಸ್ಲೈಸ್ ತೆಗೆದು, ಒಂದು ಮಿ.ಮೀ. ಲೆಕ್ಕ ಸಿಗಲಿ ಅಂದರೆ ಎಲ್ಲಿಂದ ಬರಬೇಕು?

ಇಲ್ಲಿ ಸ್ಕೇಲ್ ಕೆಲಸಕ್ಕೆ ಬರುತ್ತದೆ. ಸೂಜಿಯ ಒಟ್ಟು ಉದ್ದ ಗೊತ್ತು, 200 ಮಿ.ಮೀ. ಅಂತಿಟ್ಟುಕೊಳ್ಳಿ. ಟೆಂಪ್ಲೇಟಿನಿಂದ ಹೊರಗೆ ಚಾಚಿಕೊಂಡಿರುವುದನ್ನು ಅಳೆದಿರಿ, 108 ಬಂತು. ಅಂದರೆ ಒಳಗೆ 92. ಟೆಂಪ್ಲೇಟಿನ ಹೊರಮೈಯಿಂದ 92 ಮಿ.ಮೀ. ಆಳದಲ್ಲಿ ತುದಿ ಇರಲೇಬೇಕು. ಚಿತ್ರದಲ್ಲಿ ನೀವು ಗುರುತು ಹಾಕಿದ ತುದಿ 88ರಲ್ಲಿದ್ದರೆ ಎಲ್ಲೋ ಎಡವಟ್ಟಾಗಿದೆ, ಮತ್ತೆ ನೋಡಿ. ಪ್ರತಿ ಸೂಜಿಗೂ ಇದನ್ನು ಮಾಡಿ. 16 ಸೂಜಿ ಇದ್ದರೆ 16 ಸಲ. ಒಬ್ಬರು ಅಳೆದು ಕೂಗಲಿ, ಇನ್ನೊಬ್ಬರು ಬರೆದುಕೊಂಡು ತಿರುಗಿ ಕೂಗಲಿ. ಜೊತೆಗೆ ಟೆಂಪ್ಲೇಟ್ ಮುಖದಲ್ಲಿ ಪ್ರತಿ ಸೂಜಿ ಮೇಲೂ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಹಾಕಿ.

ಇನ್ನು ಬೆಳಿಗ್ಗೆ ಫಿಲ್ಮ್ ಮೇಲೆ ಅಳೆದ ಆ ನಂಬರ್. ಸೂಜಿಯ ಚೂಪು ತುದಿ ಗಟ್ಟಿ, ಅದರ ಒಳಗೆ ಸೋರ್ಸ್ ಹೋಗಲ್ಲ. ಹಾಗಾಗಿ ಸೋರ್ಸ್ ನಿಲ್ಲಬಹುದಾದ ಮೊದಲ ಜಾಗ ತುದಿಯಿಂದ ಕೆಲವು ಮಿ.ಮೀ. ಹಿಂದಿರುತ್ತದೆ. ಈ ಅಂತರ ಸೂಜಿಯ ಜಾತಿಯಿಂದ ಜಾತಿಗೆ ಬೇರೆ. ಸ್ಟೀಲಿಗೆ ಒಂದು, ಪ್ಲಾಸ್ಟಿಕ್ಕಿಗೆ ಇನ್ನೊಂದು. ಕಂಪ್ಯೂಟರಿನಲ್ಲಿ ಹಿಂದಿನ ರೋಗಿಯ ಪ್ಲಾಸ್ಟಿಕ್ ಸೂಜಿಯ ನಂಬರ್ ಹಾಗೇ ಉಳಿದಿದ್ದರೆ ಏನಾಗುತ್ತೆ ಯೋಚಿಸಿ. ಒಂದು ಸೂಜಿ ತಪ್ಪಿದರೆ ಡೋಸಿನ ಗೆರೆ ಸೊಟ್ಟಗಾಗಿ ಕಣ್ಣಿಗೆ ಬೀಳುತ್ತದೆ. ಹದಿನಾರೂ ಒಟ್ಟಿಗೆ ಅಷ್ಟೇ ತಪ್ಪಿದರೆ ಪ್ಲಾನ್ ಅಚ್ಚುಕಟ್ಟಾಗಿ ಕಾಣುತ್ತದೆ, ಎಲ್ಲವೂ ಚೆಂದ, ಜಾಗ ಮಾತ್ರ ತಪ್ಪು. ಇಂಥದ್ದನ್ನು ಪ್ಲಾನ್ ಮಾಡಿದವರ ಕಣ್ಣು ಹಿಡಿಯಲ್ಲ. ಅದಕ್ಕೇ ಇನ್ನೊಬ್ಬ ಫಿಸಿಸಿಸ್ಟ್ ಬೇಕು, ಅವರು ಮೊದಲನೆಯವರ ಪರದೆ ನೋಡದೆ ಸೂಜಿ ಪ್ಯಾಕೆಟ್ ಮೇಲಿನ ಹೆಸರು ನೋಡಿಕೊಂಡು ಬರಬೇಕು.

ಪ್ಲಾನ್ ಹೇಗಿರಬೇಕು ಅನ್ನುವುದನ್ನು ಇಲ್ಲಿ ಹಿಗ್ಗಿಸಲ್ಲ. ಪ್ರಾಸ್ಟೇಟಿನ 90 ಪರ್ಸೆಂಟಿಗೂ ಹೆಚ್ಚು ಭಾಗಕ್ಕೆ ಪೂರ್ತಿ ಡೋಸ್ ಸಿಗಬೇಕು. ಗುದನಾಳ, ಮೂತ್ರಕೋಶಗಳಲ್ಲಿ ಮುಕ್ಕಾಲು ಡೋಸ್ ತಿನ್ನುವ ಭಾಗ ತಲಾ ಒಂದು ಸಿ.ಸಿ.ಗಿಂತ ಕಮ್ಮಿ ಇರಬೇಕು. ಬಹಳ ಕಡೆ ಹಿಡಿಯುವ ಮಿತಿ ಇದು.

ಜೋಡಿಸುವಾಗ

ಪ್ರತಿ ಸೂಜಿಯನ್ನೂ ಒಂದೊಂದು ಟ್ಯೂಬಿನಿಂದ ಮೆಷಿನ್ನಿನ ಒಂದೊಂದು ಚಾನೆಲ್‌ಗೆ ಜೋಡಿಸಬೇಕು. ಒಂದನೇ ಸೂಜಿ ಒಂದನೇ ಚಾನೆಲ್, ಎರಡನೆಯದು ಎರಡಕ್ಕೆ. ಕೇಳಲು ಮಕ್ಕಳಾಟ. ಒಂದು ಸಲ ನಮ್ಮಲ್ಲಿ ಸೂಜಿಗಳಿಗೆ ನಂಬರ್ ಚೀಟಿ ಅಂಟಿಸಿದ್ದರು. ಒಂದು ಚೀಟಿ ತಿರುವುಮುರುವಾಗಿ ಕೂತಿತ್ತು, 6 ಹೋಗಿ 9 ಆಗಿತ್ತು. ಜೋಡಿಸಿದ ಹುಡುಗಿ ಎರಡು ಒಂಬತ್ತು ಕಂಡು, ಒಂದನ್ನು ಊಹೆಯ ಮೇಲೆ ಆರಕ್ಕೆ ಹಾಕಿದ್ದಳು. ಊಹೆ ತಪ್ಪಾಗಿತ್ತು. ಟೆಂಪ್ಲೇಟ್ ನಕ್ಷೆ ಕೈಯಲ್ಲಿಟ್ಟುಕೊಂಡು ಒಂದೊಂದೇ ಟ್ಯೂಬ್ ಮೇಲೆ ಬೆರಳು ಜಾರಿಸುತ್ತಾ ಕೂಗಿ ಓದಿದಾಗ ಸಿಕ್ಕಿತು. ಕನ್ನಡ ಅಂಕಿಯಲ್ಲಿ ಬರೆದಿದ್ದರೂ ಅದೇ ಗೋಳು, ೬ ಮತ್ತು ೯ ಅಣ್ಣತಮ್ಮಂದಿರೇ. ಈಗ ಆ ಎರಡು ನಂಬರಿನ ಕೆಳಗೆ ಗೆರೆ ಎಳೆಯುತ್ತೇವೆ.

ಜೋಡಿಸಿದವರು ಒಬ್ಬರು, ಓದುವವರು ಇನ್ನೊಬ್ಬರು. ಪ್ರತಿ ಟ್ಯೂಬನ್ನೂ ಮೆಲ್ಲಗೆ ಜಗ್ಗಿ ನೋಡಿ, ಲಾಕ್ ಆಗಿರಬೇಕು. ಟ್ಯೂಬ್ ಎಲ್ಲೂ ಮಡಚಿರಬಾರದು, ಚೂಪಾಗಿ ಬಳುಕಿರಬಾರದು. ನಿಜವಾದ ಸೋರ್ಸಿಗೆ ಮುಂಚೆ ಮೆಷಿನ್ ಒಂದು ಡಮ್ಮಿ ತಂತಿ ಕಳಿಸಿ ನೋಡುತ್ತದೆ. ಅದು ಪಾಸಾದ ತಕ್ಷಣ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಡಮ್ಮಿ ಹೇಳುವುದು ದಾರಿ ತೆರೆದಿದೆ ಅಂತ ಅಷ್ಟೇ. ಅದು ಆರನೇ ಸೂಜಿಯ ದಾರಿಯೋ ಒಂಬತ್ತನೆಯದೋ ಅನ್ನುವುದು ತಂತಿಗೇನು ಗೊತ್ತು?

ಕೆಲವು ಕಡೆ ಮೂತ್ರನಾಳದಲ್ಲೋ ಗುದನಾಳದಲ್ಲೋ ಪುಟ್ಟ ಡಿಟೆಕ್ಟರ್ ಇಟ್ಟು, ಚಿಕಿತ್ಸೆ ನಡೆಯುವಾಗಲೇ ಡೋಸ್ ಅಳೆಯುತ್ತಾರೆ. ಒಳ್ಳೆಯದೇ. ಆದರೆ ಡಿಟೆಕ್ಟರ್ ಎರಡು ಮಿ.ಮೀ. ಜರುಗಿದರೂ ಅಂಕಿ ಏರುಪೇರಾಗುತ್ತದೆ, ಒಲೆ ಲೆಕ್ಕ ಅದಕ್ಕೂ ಅನ್ವಯಿಸುತ್ತೆ ಅಲ್ವಾ. ನನ್ನ ಮಟ್ಟಿಗೆ ಅದು ಗಂಟೆ ಬಾರಿಸುವ ಕಾವಲುಗಾರ. ದೊಡ್ಡ ತಪ್ಪನ್ನು ಹಿಡಿಯುತ್ತೆ, ಸಣ್ಣದಕ್ಕೆ ಅದನ್ನು ನೆಚ್ಚಿಕೊಳ್ಳಲ್ಲ.

ಎರಡನೇ ಕಂತು

ಈಗ ನನ್ನ ಕತೆ. ಒಬ್ಬ ಹಿರಿಯರಿಗೆ ಒಂದೇ ಸಲ ಹಾಕಿದ ಸೂಜಿಯಲ್ಲಿ ಎರಡು ಕಂತು, ಬೆಳಿಗ್ಗೆ ಒಂದು, ಸಂಜೆ ಒಂದು. ಮಧ್ಯೆ ಆರು ಗಂಟೆ ಅವರು ಸೂಜಿ ಸಮೇತ ಮಲಗಿದ್ದರು, ಪಾಪ, ಅಲ್ಲಾಡದೆ. ಸಂಜೆ ನಾನು ಸ್ಕೇಲ್ ಹಿಡಿದು 16 ಸೂಜಿಯನ್ನೂ ಅಳೆದೆ. ಎಲ್ಲವೂ ಬೆಳಗಿನ ಲೆಕ್ಕಕ್ಕೆ ಒಂದು ಮಿ.ಮೀ. ಒಳಗೇ. ಪೆನ್ನಿನ ಗೆರೆಗಳೂ ಟೆಂಪ್ಲೇಟ್ ಮುಖಕ್ಕೇ ಅಂಟಿಕೊಂಡಿದ್ದವು. ಸೂಜಿ ಕದಲಿಲ್ಲ, ಶುರು ಮಾಡೋಣ ಅಂದೆ. ನಮ್ಮ ಡಾಕ್ಟರ್ ಮೇಡಂ ಸಿ.ಟಿ. ಆಗದೆ ಆಗಲ್ಲ ಅಂದರು. ಸುಮ್ನೆ ಹೊತ್ತಾಗುತ್ತೆ ಅಂತ ನಾನು ಮನಸ್ಸಲ್ಲೇ ಗೊಣಗಿಕೊಂಡು ಸಿ.ಟಿ.ಗೆ ಕರೆದುಕೊಂಡು ಹೋದೆ.

ಬೆಳಿಗ್ಗೆ ಸೂಜಿ ತುದಿಗಳು ಬುಡದ ಚಿನ್ನದ ಮಾರ್ಕರಿಗಿಂತ 4 ಮಿ.ಮೀ. ಮೇಲಿದ್ದವು. ಈಗ 3 ಮಿ.ಮೀ. ಕೆಳಗೆ! ಎಲ್ಲವೂ ಒಟ್ಟಿಗೆ 7 ಮಿ.ಮೀ. ಕೆಳಗಿಳಿದಿದ್ದವು, ಅಂದರೆ ಕಾಲಿನ ಕಡೆಗೆ.

ಆಗಿದ್ದೇನು ಅಂದರೆ, ಚುಚ್ಚಿದ ಜಾಗದಲ್ಲಿ ಚರ್ಮ, ಮಾಂಸ ಊದಿಕೊಂಡಿತ್ತು. ಊತ ಟೆಂಪ್ಲೇಟನ್ನೇ ಹೊರಗೆ ತಳ್ಳಿತ್ತು. ಸೂಜಿಗಳು ಟೆಂಪ್ಲೇಟಿಗೆ ಬಿಗಿಯಾಗಿ ಲಾಕ್ ಆಗಿದ್ದರಿಂದ ಅವೂ ಅದರ ಜೊತೆ ಬಂದವು. ಸ್ಕೇಲ್ ಅಳೆಯುವುದು ಸೂಜಿಗೂ ಟೆಂಪ್ಲೇಟಿಗೂ ನಡುವಿನ ದೂರ. ಬಸ್ಸು ಊರು ದಾಟಿದರೂ ಸೀಟಿನಿಂದ ಡ್ರೈವರಿಗೆ ದೂರ ಅಷ್ಟೇ ಇರುತ್ತೆ ಅಲ್ವಾ, ಹಾಗೆ. ಸೂಜಿಗೂ ಗ್ರಂಥಿಗೂ ನಡುವಿನ ದೂರ ತಿಳಿಯಬೇಕಾದರೆ ಗ್ರಂಥಿಯನ್ನೇ ನೋಡಬೇಕು. ಅದಕ್ಕೆ ಸಿ.ಟಿ. ಬೇಕು, ಅದರಲ್ಲಿ ಚಿನ್ನದ ಮಾರ್ಕರ್ ಇದ್ದರೆ ಸರಿ, ಇಲ್ಲದಿದ್ದರೆ ಗ್ರಂಥಿಯ ಬುಡ ಎಲ್ಲಿದೆ ಅನ್ನುವುದೇ ಚರ್ಚೆಯಾಗುತ್ತದೆ. ಸೂಜಿ ಹೀಗೆ ಕಾಲಿನ ಕಡೆಗೆ ಜಾರುವುದು ಅಪರೂಪವೂ ಅಲ್ಲ. ಕೆಲವು ಮಿ.ಮೀ.ನಿಂದ ಒಂದು ಸೆಂ.ಮೀ. ದಾಟಿಯೂ ಜಾರಿದ್ದನ್ನು ಬೇರೆ ಬೇರೆ ದೇಶದವರು ಅಳೆದು ಬರೆದಿದ್ದಾರೆ. ಹಾಗೇ ಬಿಟ್ಟಿದ್ದರೆ ಗ್ರಂಥಿಯ ಮೇಲ್ಭಾಗಕ್ಕೆ ಡೋಸ್ ಕಮ್ಮಿ, ಕೆಳಗೆ ಮೂತ್ರ ತಡೆಯುವ ಸ್ನಾಯುವಿನ ಕಡೆಗೆ ಜಾಸ್ತಿ.

ಸರಿ ಮಾಡುವುದಕ್ಕೆ ಎರಡು ದಾರಿ. 3 ಮಿ.ಮೀ. ಒಳಗೆ ಇದ್ದರೆ ಸಾಮಾನ್ಯವಾಗಿ ಹಾಗೇ ಮುಂದುವರಿಯುತ್ತಾರೆ. ದಾಟಿದರೆ, ಸೂಜಿಯಲ್ಲಿ ಮೇಲೆ ಇನ್ನೂ ಖಾಲಿ ಜಾಗ ಉಳಿದಿದ್ದರೆ ಸೋರ್ಸ್ ನಿಲ್ಲುವ ಜಾಗಗಳನ್ನೇ ಅಷ್ಟು ಮೇಲಕ್ಕೆ ಸರಿಸಿ ಹೊಸ ಪ್ಲಾನ್ ಮಾಡಬಹುದು. ತುದಿಯೇ ಬುಡಕ್ಕಿಂತ ಕೆಳಗೆ ಬಂದಿದ್ದರೆ ಕಂಪ್ಯೂಟರ್ ಏನೂ ಮಾಡಲಾರದು, ಡಾಕ್ಟರೇ ಸೂಜಿಗಳನ್ನು ಒಳಗೆ ತಳ್ಳಬೇಕು, ತಳ್ಳಿದ ಮೇಲೆ ಮತ್ತೆ ಸಿ.ಟಿ. ಆಗಬೇಕು. ನಮ್ಮ ಮೇಡಂ ತಳ್ಳಿದರು. ಆವತ್ತು ಮನೆಗೆ ಹೊರಟಾಗ ರಾತ್ರಿ ಒಂಬತ್ತೂವರೆ.

ಈ ತಲೆನೋವೇ ಬೇಡ ಅಂತ ಈಗ ಬಹಳ ಕಡೆ ಕಾಲು ಇಳಿಸದೆ, ಪ್ರೋಬ್ ತೆಗೆಯದೆ, ಓಟಿಯಲ್ಲೇ ಅಲ್ಟ್ರಾಸೌಂಡ್ ಮೇಲೇ ಪ್ಲಾನ್ ಮಾಡಿ ಅಲ್ಲೇ ಚಿಕಿತ್ಸೆ ಮುಗಿಸುತ್ತಾರೆ. ಇನ್ನೊಂದು ಕಂತು ಬೇಕಿದ್ದರೆ ಬೇರೆ ದಿನ ಹೊಸದಾಗಿ ಸೂಜಿ. ನನಗೂ ಇದೇ ಇಷ್ಟ. ಆದರೂ ಪ್ಲಾನ್ ಮಾಡಿ ಮುಗಿಸುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ, ಅಷ್ಟರಲ್ಲಿ ಗ್ರಂಥಿ ಊದಬಹುದು. ಸೋರ್ಸ್ ಕಳಿಸುವ ಮುಂಚೆ ಉದ್ದದ ನೋಟದಲ್ಲಿ ಇನ್ನೊಮ್ಮೆ ತುದಿ ನೋಡಿ.

ಮೀಟರ್ ಹಿಡಿದು ಒಳಗೆ ಹೋಗಿ

ಸೋರ್ಸ್ ವಾಪಸ್ ಬಂತು ಅಂತ ಮೆಷಿನ್ ಪರದೆ ಹೇಳಿದರೂ, ಕೈಯಲ್ಲಿ ರೇಡಿಯೇಷನ್ ಅಳೆಯುವ ಸರ್ವೆ ಮೀಟರ್ ಹಿಡಿದೇ ಒಳಗೆ ಹೋಗಬೇಕು. ಬಾಗಿಲಲ್ಲಿ ಆನ್ ಮಾಡಿ, ಮೀಟರಿಗೆ ಜೀವ ಇದೆಯಾ ನೋಡಿ, ರೋಗಿಯ ಹತ್ತಿರ ಹಿಡಿಯಿರಿ. ಚಿಕಿತ್ಸೆಗೆ ಮುಂಚೆ ಎಷ್ಟಿತ್ತೋ ಅಷ್ಟೇ ಇರಬೇಕು, ಸಾಮಾನ್ಯವಾಗಿ ಗಂಟೆಗೆ 0.1, 0.2 ಮೈಕ್ರೋಸೀವರ್ಟ್. ಆಮೇಲಷ್ಟೇ ಟ್ಯೂಬ್ ಬಿಚ್ಚಿ.

1992ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಇಂಡಿಯಾನ ಅನ್ನುವ ಊರಿನಲ್ಲಿ ಇದನ್ನು ಮಾಡಲಿಲ್ಲ. ಗುದದ್ವಾರದ ಕ್ಯಾನ್ಸರ್ ಇದ್ದ ಒಬ್ಬ ವಯಸ್ಸಾದ ಹೆಂಗಸಿಗೆ ಎಚ್‌ಡಿಆರ್ ಕೊಡುತ್ತಿದ್ದರು. ಸೋರ್ಸ್ ತಂತಿಯಿಂದ ಮುರಿದು, ಚಿಕಿತ್ಸೆಗೆ ಹಾಕಿದ್ದ ಕ್ಯಾತಿಟರ್ (ನಳಿಕೆ) ಒಳಗೇ ಉಳಿಯಿತು. ಗೋಡೆಯ ಮಾನಿಟರ್ ಕೆಂಪು ದೀಪ ಹಾಕಿ ಎಚ್ಚರಿಸಿತು. ಮೆಷಿನ್ ಮಾತ್ರ ಎಲ್ಲ ಸುರಕ್ಷಿತ ಅಂದಿತು. ಅಲ್ಲಿದ್ದವರು ಮಾನಿಟರ್ ಕೆಟ್ಟಿದೆ ಅಂದುಕೊಂಡರು. ಕೈ ಮೀಟರ್ ಇತ್ತು, ಯಾರೂ ಹಿಡಿಯಲಿಲ್ಲ. ಆಕೆಯನ್ನು ಸೋರ್ಸ್ ಸಮೇತ ನರ್ಸಿಂಗ್ ಹೋಮಿಗೆ ವಾಪಸ್ ಕಳಿಸಿದರು. ಐದು ದಿನದಲ್ಲಿ ಆಕೆ ತೀರಿಕೊಂಡರು. ಕ್ಯಾತಿಟರ್ ಕಸಕ್ಕೆ ಹೋಯಿತು. ಕಸದ ಲಾರಿ ಸುಡುವ ಘಟಕಕ್ಕೆ ಹೋದಾಗ ಅಲ್ಲಿನ ರೇಡಿಯೇಷನ್ ಅಲಾರಂ ಹೊಡೆದುಕೊಂಡಿತು, ಆಗ ವಿಷಯ ಹೊರಬಿತ್ತು. ಅಷ್ಟರಲ್ಲಿ 90ಕ್ಕೂ ಹೆಚ್ಚು ಜನರಿಗೆ ರೇಡಿಯೇಷನ್ ತಗುಲಿತ್ತು. ಪ್ರಾಸ್ಟೇಟ್ ಕೇಸ್ ಅಲ್ಲ, ಆದರೆ ಮೆಷಿನ್ನಿನ ಜಾತಿ ಇದೇ. ರೂಮಿನೊಳಗೆ ಸೀಸದ ಡಬ್ಬಿ, ಉದ್ದನೆಯ ಇಕ್ಕಳ, ತಂತಿ ಕತ್ತರಿ ಯಾವಾಗಲೂ ಇಟ್ಟಿರುವುದು ಇಂಥ ದಿನಕ್ಕೇ.

ಬೀಜ ಬಿತ್ತಿದ್ದರೆ

ಬೀಜದ್ದು ಬೇರೆ ಪಾಡು. ತಪ್ಪಾದರೆ ವಾಪಸ್ ಎಳೆಯುವ ಹಾಗಿಲ್ಲ. ಒಂದೊಂದು ಸುಮಾರು 4.5 ಮಿ.ಮೀ. ಉದ್ದ, 0.8 ಮಿ.ಮೀ. ದಪ್ಪ. ಒಬ್ಬರಿಗೆ 60ರಿಂದ 100 ಬೀಜ ಹಿಡಿಯುತ್ತದೆ. ಅಯೋಡಿನ್-125ರ ಅರ್ಧಾಯುಷ್ಯ ಸುಮಾರು 59 ದಿನ. ಕೂರಿಗೆಯಲ್ಲಿ ಬಿತ್ತುವಾಗ ಸಾಲು, ಆಳ ಎರಡೂ ಸರಿ ಬಂದರೆ ಪೈರು ಸಮ ಬರುತ್ತಲ್ಲ, ಇಲ್ಲೂ ಸೂಜಿ ಅಂದರೆ ಸಾಲು, ಬೀಜ ಬಿಡುವ ಜಾಗ ಅಂದರೆ ಆಳ.

ಮೊದಲು ಎಣಿಕೆ. ತಂದಿದ್ದು ಎಷ್ಟು, ಉಳಿದಿದ್ದು ಎಷ್ಟು, ಹಾಕಿದ್ದು ಎಷ್ಟು, ಮೂರೂ ತಾಳೆ ಆಗಬೇಕು. ಓಟಿಯಲ್ಲೇ ಸಿ-ಆರ್ಮ್ ಎಕ್ಸ್‌ರೇಯಲ್ಲಿ ಎಣಿಸಿ. ಒಂದರ ಹಿಂದೊಂದು ಅಡಗಿರುತ್ತವೆ, ಓರೆಯಿಂದಲೂ ಒಂದು ಚಿತ್ರ ತೆಗೆಯಿರಿ. ಸಿಸ್ಟೋಸ್ಕೋಪ್‌ನಲ್ಲಿ ಮೂತ್ರಕೋಶದೊಳಗೆ ಬೀಜ ಕಂಡರೆ ಅಲ್ಲೇ ತೆಗೆಯಬಹುದು. ಆಮೇಲೆ ನೆಲ, ಬಟ್ಟೆ, ಕಸದ ಬುಟ್ಟಿ, ಖಾಲಿ ಸೂಜಿ ಎಲ್ಲವನ್ನೂ ಮೀಟರಿನಿಂದ ನೋಡಬೇಕು. ಅಯೋಡಿನ್ ಕಿರಣ ಬಹಳ ಮೆದು, ಎಲ್ಲ ಮೀಟರಿಗೂ ಅದು ಕಾಣಲ್ಲ. ತೆಳು ಕಿಟಕಿಯ ಮೀಟರ್ ಬೇಕು. ಒಂದು ಬೀಜ ಹಿಡಿದು ತೋರಿಸಿ, ಮುಳ್ಳು ಏಳುತ್ತಾ ನೋಡಿಕೊಂಡು ಶುರು ಮಾಡಿ.

ಆದರೆ ನಿಜವಾದ ಪರೀಕ್ಷೆ ಒಂದು ತಿಂಗಳ ಮೇಲೆ. ಚುಚ್ಚಿದ ದಿನ ಗ್ರಂಥಿ ಊದಿರುತ್ತದೆ, ಆವತ್ತು ಲೆಕ್ಕ ಹಾಕಿದರೆ ಬೀಜಗಳು ದೂರ ದೂರ ಇದ್ದು ಡೋಸ್ ಕಮ್ಮಿ ಕಾಣುತ್ತದೆ. ಅಯೋಡಿನ್ ಬೀಜಕ್ಕೆ 30 ದಿನದ ಹೊತ್ತಿಗೆ ಊತ ಇಳಿದಿರುತ್ತದೆ, ಆಗ ಸಿ.ಟಿ. ತೆಗೆದು ಪ್ರತಿ ಬೀಜವನ್ನೂ ಗುರುತಿಸಿ ಡೋಸ್ ಹೊಸದಾಗಿ ಲೆಕ್ಕ ಹಾಕಬೇಕು. ಸಿ.ಟಿ.ಯಲ್ಲಿ ಬೀಜ ಚೆನ್ನಾಗಿ ಕಾಣುತ್ತೆ, ಗ್ರಂಥಿಯ ಅಂಚು ಸರಿಯಾಗಿ ಕಾಣಲ್ಲ. ಅಂಚಿಗೆ ಎಂ.ಆರ್.ಐ. ಒಳ್ಳೆಯದು, ಎರಡನ್ನೂ ಒಂದರ ಮೇಲೊಂದು ಕೂಡಿಸಿ ನೋಡಿ. ಬೇಕಾದ ಅಂಕಿಗೆ ಡಿ90 ಅಂತಾರೆ, ಪ್ರಾಸ್ಟೇಟಿನ 90 ಪರ್ಸೆಂಟ್ ಭಾಗಕ್ಕೆ ಕನಿಷ್ಠ ಎಷ್ಟು ಡೋಸ್ ಸಿಕ್ಕಿತು ಅಂತ. 145 ಗ್ರೇ (ಡೋಸ್ ಅಳೆಯುವ ಮಾನ) ಕೊಡಬೇಕೆಂದು ಬರೆದಿದ್ದರೆ ಡಿ90 ಅದರ 90 ಪರ್ಸೆಂಟಿಗಿಂತ, ಅಂದರೆ ಸುಮಾರು 130 ಗ್ರೇಗಿಂತ, ಕೆಳಗಿಳಿಯಬಾರದು. 140 ದಾಟಿದರೆ ನೆಮ್ಮದಿ.

ಹಾಕಿಯಾಯಿತಲ್ಲ, ಇನ್ನು ನೋಡಿ ಏನು ಮಾಡುವುದು ಅನ್ನುವವರಿಗೆ ಫಿಲಡೆಲ್ಫಿಯಾದ ಮಾಜಿ ಸೈನಿಕರ ಆಸ್ಪತ್ರೆಯ ಕತೆ ಹೇಳುತ್ತೇನೆ. 2002ರಿಂದ 2008ರವರೆಗೆ ಅಲ್ಲಿ ಸುಮಾರು 115 ಜನರಿಗೆ ಬೀಜ ಹಾಕಿದರು. ತನಿಖೆ ಆದಾಗ 97 ಕೇಸಿನಲ್ಲಿ ಡೋಸ್ ತಪ್ಪಾಗಿತ್ತು, ಬೀಜಗಳು ಹೋಗಬಾರದ ಕಡೆ ಹೋಗಿದ್ದವು. ಸಿ.ಟಿ. ಚಿತ್ರಗಳು ಪ್ಲಾನಿಂಗ್ ಕಂಪ್ಯೂಟರಿಗೆ ಹೋಗುತ್ತಿರಲಿಲ್ಲ ಅನ್ನುವ ಕಾರಣಕ್ಕೆ ಒಂದು ವರ್ಷದಷ್ಟು ಕಾಲ ಅಲ್ಲಿ ಬೀಜ ಹಾಕಿದ ಮೇಲಿನ ಡೋಸ್ ಲೆಕ್ಕವೇ ಆಗಿರಲಿಲ್ಲ, ಬೀಜ ಹಾಕುವುದು ಮಾತ್ರ ನಿಂತಿರಲಿಲ್ಲ. 2010ರಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗ 2,27,500 ಡಾಲರ್ ದಂಡ ಹಾಕಿತು. 30ನೇ ದಿನ ಡಿ90 ಕಮ್ಮಿ ಬಂತು ಅಂತ ಗೊತ್ತಾದರೆ ಆ ರೋಗಿಗೆ ಇನ್ನಷ್ಟು ಬೀಜ ಹಾಕುವುದೋ ಹೊರಗಿಂದ ರೇಡಿಯೇಷನ್ ಸೇರಿಸುವುದೋ ಯೋಚಿಸಬಹುದು. ಮುಂದಿನ ರೋಗಿಗೆ ಕೈ ತಿದ್ದಿಕೊಳ್ಳಬಹುದು. ನೋಡದಿದ್ದರೆ ಎರಡೂ ಇಲ್ಲ.

ಮನೆಗೆ ಹೋದವರಿಗೆ ಎರಡು ಮಾತು. ಮೊದಲ ಕೆಲವು ದಿನ ಮೂತ್ರ ಸೋಸಲು ಜಾಲರಿ ಕೊಟ್ಟಿರುತ್ತಾರೆ, ಸೋಸಿ. ಅಕ್ಕಿಕಾಳಿಗಿಂತ ಸಣ್ಣ ಬೆಳ್ಳಿ ಬಣ್ಣದ ಚೂರು ಕಂಡರೆ ಕೈಯಲ್ಲಿ ಮುಟ್ಟಬೇಡಿ, ಚಮಚ ಅಥವಾ ಚಿಮಟದಲ್ಲಿ ಎತ್ತಿ ಆಸ್ಪತ್ರೆಯವರು ಕೊಟ್ಟ ಡಬ್ಬಿಗೆ ಹಾಕಿ ಫೋನ್ ಮಾಡಿ. 30ನೇ ದಿನದ ಸಿ.ಟಿ.ಯಲ್ಲಿ ಒಂದೆರಡು ಬೀಜ ಲೆಕ್ಕಕ್ಕೆ ಸಿಗದಿದ್ದರೆ ಎದೆಯ ಎಕ್ಸ್‌ರೇ ತೆಗೆಸುತ್ತಾರೆ, ಅದಕ್ಕೆ ಹೆದರಬೇಡಿ. ಬಿಡಿ ಬೀಜ ರಕ್ತನಾಳ ಹಿಡಿದು ಶ್ವಾಸಕೋಶಕ್ಕೆ ಹೋಗಿ ಕೂರುವುದು ಉಂಟು, ಅದರಿಂದ ಸಾಮಾನ್ಯವಾಗಿ ತೊಂದರೆ ಆಗಲ್ಲ. ನಮಗೆ ಆ ಎಕ್ಸ್‌ರೇ ಬೇಕಾಗುವುದು ರಿಜಿಸ್ಟರಿನ ಎಣಿಕೆ ಮುಗಿಸುವುದಕ್ಕೆ.